ಕೂಗು ಎಲ್ಲಿಂದ ಬಂತು? ತುಮಕೂರು ಸೀಮೆಯಲ್ಲಿ ಕಪ್ಪೆಗಳ ಜಾಡು ಹಿಡಿಯುವ ಬಗೆ

ಮಳೆಗಾಲದಲ್ಲಿ ಕಪ್ಪೆ ನೋಡೋಕೆ ಹೊರಟವರು ಆಗುಂಬೆ, ಸಕಲೇಶಪುರ, ಕೊಡಗಿನ ಬಸ್ ಹತ್ತುತ್ತಾರೆ. ತುಮಕೂರಿನಲ್ಲಿ ಏನಿದೆ, ಬರೀ ಒಣ ಸೀಮೆ ಅಂತಾರೆ. ಅವರನ್ನು ಭರಣಿ ಮಳೆ ಜೋರಾಗಿ ಹೊಡೆದ ರಾತ್ರಿ ನಮ್ಮ ಗುಬ್ಬಿ ಕಡೆಯ ಯಾವುದಾದರೂ ಕುಂಟೆ (ಸಣ್ಣ ನೀರಿನ ಹೊಂಡ) ಪಕ್ಕ ತಂದು ನಿಲ್ಲಿಸಬೇಕು. ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ, ಅಷ್ಟು ಗಲಾಟೆ.

ಕಲಿಯುವವರಿಗೆ ಬಯಲುಸೀಮೆಯೇ ಸಲೀಸು ಅನ್ನೋದು ನನ್ನ ಅಭಿಪ್ರಾಯ. ಮಲೆನಾಡಿನಲ್ಲಿ ಒಂದೇ ಹಳ್ಳದಲ್ಲಿ ಎಷ್ಟು ಥರ ಕೂಗುತ್ತವೆ ಅಂತ ಎಣಿಸುವಷ್ಟರಲ್ಲಿ ತಲೆ ಕೆಡುತ್ತದೆ. ಇಲ್ಲಿ ಏಳೆಂಟು ಕೂಗು ಕಲಿತರೆ ಹೆಚ್ಚಿನ ರಾತ್ರಿಗಳಿಗೆ ಸಾಕು. ಕಾಡಿಗೆ ಹೋಗಬೇಕಾಗಿಲ್ಲ. ಕೆರೆ ಅಂಗಳ, ಗೋಕಟ್ಟೆ, ಕೃಷಿಹೊಂಡ, ರಾಗಿ ಹೊಲದಲ್ಲಿ ನಿಂತ ನೀರು, ಅಡಿಕೆ ತೋಟದ ಕಾಲುವೆ, ಬಚ್ಚಲ ಹಿಂದಿನ ಗುಂಡಿ, ಎಲ್ಲ ಕಡೆಯೂ ಕೆಲಸ ಇದೆ.

ನಾನು ಹಲವು ಮಳೆಗಾಲ ಕಳೆದ ಮೇಲೆ ಕಲಿತದ್ದನ್ನು ಇಲ್ಲಿ ಮೊದಲೇ ಹೇಳಿಬಿಡುತ್ತೇನೆ. ಕೂಗು ಕೇಳಿದ ಕೂಡಲೇ ಎಲ್ಲರೂ ಕೇಳುವುದು 'ಇದು ಯಾವ ಕಪ್ಪೆ?' ಅಂತ. ಅದನ್ನು ಆಮೇಲೆ ಕೇಳಿ. ಮೊದಲು 'ಎಲ್ಲಿಂದ ಕೂಗುತ್ತಿದೆ?' ಅಂತ ಕೇಳಿ. ನೀರಿನ ನಡುವೆ ತೇಲುತ್ತಾ ಕೂಗುವುದು, ಕೆಸರಿನ ಅಂಚಿನಲ್ಲಿ ಕೂತು ಕೂಗುವುದು, ಹುಲ್ಲಿನ ಬುಡದಿಂದ ಕೂಗುವುದು, ಮರದ ಮೇಲಿಂದ ಕೂಗುವುದು ಬೇರೆ ಬೇರೆ ಜಾತಿಯವು. ಜಾಗ ಗೊತ್ತಾದರೆ ಅರ್ಧ ಹೆಸರು ಗೊತ್ತಾದ ಹಾಗೆ.

ಹೊರಡುವ ಮುಂಚೆ

ಟಾರ್ಚ್ ಬೇಕು. ತಲೆಗೆ ಕಟ್ಟುವಂಥದ್ದಾದರೆ ಎರಡೂ ಕೈ ಖಾಲಿ ಇರುತ್ತವೆ. ಗಾಜಿನ ಮೇಲೆ ಕೆಂಪು ಜಿಲೇಟಿನ್ ಹಾಳೆ ಸುತ್ತಿಕೊಂಡರೆ ಕಪ್ಪೆ ಅಷ್ಟಾಗಿ ಬೆಚ್ಚುವುದಿಲ್ಲ. ಮೊಣಕಾಲವರೆಗೆ ಬರುವ ಗಮ್‌ಬೂಟು, ಒಂದು ನೋಟ್‌ಬುಕ್, ಸೀಸದ ಪೆನ್ಸಿಲ್ (ಪೆನ್ನು ಮಳೆಯಲ್ಲಿ ಕೈಕೊಡುತ್ತದೆ), ಸಾಧಾರಣ ಥರ್ಮಾಮೀಟರ್, ಸೆಂಟಿಮೀಟರ್ ಗುರುತು ಹಾಕಿದ ಒಂದು ಕಡ್ಡಿ, ಮೊಬೈಲು. ಇಷ್ಟು ಸಾಕು.

ಬೂಟಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಕಪ್ಪೆ ಇದ್ದ ಕಡೆ ಹಾವು ಬರುತ್ತದೆ. ಕೆರೆ ಏರಿ ಮೇಲೆ, ಬದುವಿನ ಹುಲ್ಲಿನಲ್ಲಿ ಕೊಳಕುಮಂಡಲ, ಕಟ್ಟುಹಾವು, ನಾಗರ ಎಲ್ಲವೂ ಇರುವ ಸೀಮೆ ಇದು. ಕಾಲಿಡುವ ಜಾಗಕ್ಕೆ ಮೊದಲು ಬೆಳಕು, ಆಮೇಲೆ ಕಾಲು. ಒಬ್ಬರೇ ಹೋಗಬೇಡಿ. ದೇವರಾಯನದುರ್ಗದ ಕಾಡು, ನಾಮದ ಚಿಲುಮೆ ಸುತ್ತಮುತ್ತ ರಾತ್ರಿ ಓಡಾಡಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇಬೇಕು. ಅಲ್ಲಿ ಚಿರತೆ, ಕರಡಿಗಳೂ ಇವೆ.

ಇನ್ನೊಂದು ಮಾತು. ಊರಿನವರಿಗೆ ಮೊದಲೇ ಹೇಳಿ. ಮೊದಲ ವರ್ಷ ನಾನು ಹೇಳದೆ ಹೋಗಿ, ಬೋರ್‌ವೆಲ್ ಪಕ್ಕ ಬಗ್ಗಿ ಕೂತಿದ್ದೆ. ನಾಲ್ಕು ಜನ ದೊಣ್ಣೆ ಹಿಡಿದು ಬಂದರು. ಆ ವಾರವಷ್ಟೇ ಎರಡು ತೋಟದಲ್ಲಿ ಪಂಪ್‌ಸೆಟ್ ಕೇಬಲ್ ಕಳುವಾಗಿತ್ತಂತೆ. 'ಕಪ್ಪೆ ಕೂಗು ಕೇಳ್ತಿದೀನಿ ಅಣ್ಣ' ಅಂದರೆ ಯಾರು ನಂಬುತ್ತಾರೆ? ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಕೇಳಿಸಿದ ಮೇಲೆ ಒಬ್ಬರು ನಕ್ಕು, 'ಇದಕ್ಕೆ ಇಷ್ಟು ದೂರ ಯಾಕೆ ಬಂದ್ರಿ, ನಮ್ಮ ತೊಟ್ಟಿ ಹತ್ರ ಇನ್ನೂ ಜೋರಾಗಿ ಕೂಗ್ತವೆ ಬನ್ನಿ' ಅಂತ ಕರೆದುಕೊಂಡು ಹೋದರು. ಆ ತೊಟ್ಟಿ ಈಗ ನನ್ನ ಖಾಯಂ ಜಾಗಗಳಲ್ಲಿ ಒಂದು.

ಯಾವಾಗ ಹೋಗಬೇಕು

ನಮ್ಮಲ್ಲಿ ಎರಡು ಹಂಗಾಮು. ಏಪ್ರಿಲ್ ಕೊನೆಯಿಂದ ಜೂನ್ ಮೊದಲವರೆಗೆ ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳು ಮೊದಲನೆಯದು. ಆಗ ಮಣ್ಣೊಳಗೆ ಹೂತುಕೊಂಡಿದ್ದವು ಮೇಲೆ ಬರುತ್ತವೆ. ಸೆಪ್ಟೆಂಬರ್–ಅಕ್ಟೋಬರಿನ ಉತ್ತರೆ, ಹಸ್ತ, ಚಿತ್ತೆ ಎರಡನೆಯದು. ನಡುವೆ ಜುಲೈನಲ್ಲಿ ಬರೀ ಮೋಡ, ಗಾಳಿ. ಗಾಳಿ ಜೋರಿದ್ದ ರಾತ್ರಿ ಮನೆಯಲ್ಲಿ ಇರಿ, ಕೂಗಿದರೂ ಕೇಳಿಸುವುದಿಲ್ಲ.

ಸೂರ್ಯ ಮುಳುಗಿದ ಅರ್ಧ ಗಂಟೆಯ ನಂತರ ಶುರು ಮಾಡಿ ಹತ್ತು ಗಂಟೆಯೊಳಗೆ ಮುಗಿಸಿ. ಮೊದಲ ದೊಡ್ಡ ಮಳೆಯಾದ ರಾತ್ರಿಯನ್ನು ಮಾತ್ರ ಏನೇ ಆದರೂ ತಪ್ಪಿಸಿಕೊಳ್ಳಬೇಡಿ. ಕೆಲವು ಜಾತಿ ಆ ಒಂದೆರಡು ರಾತ್ರಿ ಕೂಗಿ, ಮೊಟ್ಟೆಯಿಟ್ಟು, ಮತ್ತೆ ಕಾಣೆಯಾಗುತ್ತವೆ.

ಸುಮ್ನೆ ನಿಲ್ಲುವುದು

ನೀರಿನ ಹತ್ತಿರ ಬಂದ ಕೂಡಲೇ ಎಲ್ಲವೂ ಬಾಯಿ ಮುಚ್ಚುತ್ತವೆ. ಅದು ಸಹಜ. ಟಾರ್ಚ್ ಆರಿಸಿ ನಿಲ್ಲಿ. ಮಾತು ಬೇಡ, ಕಾಲು ಕದಲಿಸಬೇಡಿ. ಎರಡು ಮೂರು ನಿಮಿಷದಲ್ಲಿ ಒಂದು ಧೈರ್ಯ ಮಾಡುತ್ತದೆ. ಅದರ ಹಿಂದೆ ಇನ್ನೊಂದು. ಆಮೇಲೆ ಗಡಿಯಾರ ನೋಡಿಕೊಂಡು ಸರಿಯಾಗಿ ಐದು ನಿಮಿಷ ಕೇಳಿ.

ಈ ಐದು ನಿಮಿಷದಲ್ಲಿ ಪ್ರತಿ ಬಗೆಯ ಕೂಗಿಗೂ ಒಂದು ಅಂಕ ಕೊಡಿ. ಉತ್ತರ ಅಮೆರಿಕದಲ್ಲಿ ಕಪ್ಪೆಗಳ ಮೇಲೆ ನಿಗಾ ಇಡುವವರು ಬಳಸಿದ ಲೆಕ್ಕ ಇದು, ನಮ್ಮ ಕುಂಟೆಗೂ ಸರಿಹೊಂದುತ್ತದೆ. ಏನೂ ಕೇಳದಿದ್ದರೆ 0. ಒಂದೊಂದೇ ಕೂಗು ಬಿಡಿಬಿಡಿಯಾಗಿ ಎಣಿಸುವ ಹಾಗಿದ್ದರೆ 1. ಒಂದರ ಮೇಲೊಂದು ಬೀಳುತ್ತಿವೆ, ಆದರೂ ಬೇರೆ ಬೇರೆ ಅಂತ ಗೊತ್ತಾಗುತ್ತಿದ್ದರೆ 2. ಎಣಿಸೋಕೇ ಆಗದಂಥ ಒಂದೇ ಗದ್ದಲವಾದರೆ 3. 'ಸುಮಾರು ಐವತ್ತು ಇರಬಹುದು' ಅಂತ ಊಹಿಸಿ ಬರೆಯೋದಕ್ಕಿಂತ ಇದು ಎಷ್ಟೋ ಮೇಲು.

ಕೂಗುವುದು ಗಂಡು. ಹೆಣ್ಣನ್ನು ಕರೆಯೋಕೆ, ಬೇರೆ ಗಂಡಿಗೆ 'ಇದು ನನ್ನ ಜಾಗ' ಅಂತ ಹೇಳೋಕೆ. ಬಾಯಿ, ಮೂಗು ಎರಡನ್ನೂ ಮುಚ್ಚಿಕೊಂಡು ಶ್ವಾಸಕೋಶದ ಗಾಳಿಯನ್ನು ಗಂಟಲ ಚೀಲಕ್ಕೂ ಮತ್ತೆ ಹಿಂದಕ್ಕೂ ದಬ್ಬುತ್ತದೆ. ಅದಕ್ಕೇ ಕೂಗುವಾಗ ಗಂಟಲು ಬಲೂನಿನ ಹಾಗೆ ಉಬ್ಬುವುದು. ದೊಡ್ಡ ಮೈಯಿದ್ದರೆ ಸಾಮಾನ್ಯವಾಗಿ ದಪ್ಪ ದನಿ, ಚಿಕ್ಕ ಮೈಯಿದ್ದರೆ ತೆಳು ದನಿ. ಆದರೆ ಜೋರು ಬೇರೆ, ದಪ್ಪ ಬೇರೆ. ನಮ್ಮಲ್ಲಿ ಅತಿ ಜೋರಾಗಿ ಕೂಗುವವುಗಳಲ್ಲಿ ಒಂದು ಹೆಬ್ಬೆರಳಿನ ತುದಿಯಷ್ಟೇ ಇದೆ. ಅದರ ಕಥೆ ಮುಂದೆ ಬರುತ್ತದೆ.

ಯಾರ ಕೂಗು ಯಾವುದು

ಹೊರಗಿನವರ ಪಟ್ಟಿ ಬಾಯಿಪಾಠ ಮಾಡಬೇಡಿ. ಕೇಳಿದ ಕೂಗಿಗೆ ನಿಮ್ಮದೇ ಹೆಸರಿಡಿ. ನನ್ನ ಪುಸ್ತಕದಲ್ಲಿ 'ಬಾಚಣಿಗೆ', 'ಬಾಗಿಲು ತಟ್ಟೋನು', 'ಆಡು' ಅಂತೆಲ್ಲ ಇವೆ. ವಿಜ್ಞಾನದ ಹೆಸರು ಆಮೇಲೆ ಸೇರಿಸಿಕೊಂಡೆ. ನನ್ನ ಕಿವಿಗೆ ಕೇಳಿದ್ದನ್ನು ಹೇಳುತ್ತೇನೆ, ನಿಮ್ಮ ಕಿವಿ ಬೇರೆ ಹೇಳಿದರೆ ಅದನ್ನೇ ಬರೆದುಕೊಳ್ಳಿ.

ಕೆರೆಯಲ್ಲಿ ವರ್ಷವಿಡೀ, ಹಗಲಲ್ಲೂ ಸಿಗುವುದು ಯೂಫ್ಲಿಕ್ಟಿಸ್. ನೀರಿನಲ್ಲಿ ತಲೆ ಎತ್ತಿ ತೇಲುತ್ತಿರುತ್ತದೆ. ನಾವು ದಡಕ್ಕೆ ಹೋದರೆ, ಹುಡುಗರು ಎಸೆದ ಚಪ್ಪಟೆ ಬಿಲ್ಲೆ ನೀರಿನ ಮೇಲೆ ಕುಪ್ಪಳಿಸುತ್ತದಲ್ಲ, ಅದೇ ಥರ ನೀರಿನ ಮೇಲೇ ಜಿಗಿಜಿಗಿದು ಓಡುತ್ತದೆ. ಕೂಗು ಚಿಕ್ಕದು, ಒಣ ಕಾಯಿ ಅಲ್ಲಾಡಿಸಿದ ಹಾಗೆ 'ಟರ್ರ್... ಟರ್ರ್'. ಕಲಿಯೋಕೆ ಇಲ್ಲಿಂದ ಶುರು ಮಾಡಿ. ಮೈದಾಳ ಕೆರೆಯೋ ಕುಣಿಗಲ್ ದೊಡ್ಡ ಕೆರೆಯೋ, ಯಾವುದಾದರೂ ಆಗುತ್ತೆ. ಹಗಲಲ್ಲೇ ಕೂಗಿದವನನ್ನು ಕಣ್ಣಾರೆ ನೋಡಬಹುದು.

ಗೋಂಕರು ಕಪ್ಪೆ ಎಲ್ಲರಿಗೂ ಗೊತ್ತು. ಹೋಪ್ಲೊಬಟ್ರಾಕಸ್ ಟೈಗರಿನಸ್. ಅಂಗೈ ತುಂಬುವಷ್ಟು ದೊಡ್ಡದು. ಮೊದಲ ಮಳೆಗೆ ನೀರು ತುಂಬಿದ ಹೊಲದಲ್ಲಿ ಗಂಡುಗಳು ನಿಂಬೆಹಣ್ಣಿನ ಹಳದಿಗೆ ತಿರುಗುತ್ತವೆ, ಗಂಟಲ ಎರಡೂ ಕಡೆ ನೀಲಿ ಚೀಲ. ಕೂಗು 'ವ್ರಾಂವ್... ವ್ರಾಂವ್', ಒಂದು ಮೈಲಿ ದೂರಕ್ಕೂ ಕೇಳುತ್ತದೇನೋ ಅನ್ನಿಸುತ್ತದೆ. ಒಂದು ಕಾಲಕ್ಕೆ ಇದರ ಕಾಲನ್ನೇ ಹೊರದೇಶಕ್ಕೆ ಕಳಿಸುತ್ತಿದ್ದರು. 1987ರಲ್ಲಿ ಭಾರತ ಆ ರಫ್ತನ್ನು ನಿಲ್ಲಿಸಿತು.

ನೆಲಗಪ್ಪೆ, ಅಂದರೆ ಮೈಯೆಲ್ಲ ಗುಳ್ಳೆಯಿರುವ, ಬೀದಿದೀಪದ ಕೆಳಗೆ ಹುಳ ತಿನ್ನುತ್ತಾ ಕೂರುವುದು. ಇದು ಕೂಗೋಕೆ ಬರುವುದು ನೀರಿನ ಅಂಚಿಗೆ. 'ಕುರ್ರ್ರ್ರ್ರ್' ಅಂತ ಉದ್ದಕ್ಕೆ ಎಳೆಯುತ್ತದೆ, ದೂರದಲ್ಲಿ ಯಾರೋ ಟಿಲ್ಲರ್ ಬಿಟ್ಟು ಮರೆತ ಹಾಗೆ. ಗಂಡಿನ ಬೆನ್ನ ಮೇಲೆ ಇನ್ನೊಂದು ಗಂಡು ಹತ್ತಿದರೆ ಕೆಳಗಿನದು 'ಕ್ರಿಕ್ ಕ್ರಿಕ್ ಕ್ರಿಕ್' ಅಂತ ಬೇರೆಯದೇ ಸದ್ದು ಮಾಡುತ್ತದೆ. 'ಬಿಡೋ, ನಾನು ಗಂಡು' ಅಂತ. ಮೊದಲ ವರ್ಷ ಇದನ್ನು ಹೊಸ ಜಾತಿ ಅಂತ ಬರೆದು, ಎರಡು ವಾರ ಬೀಗಿದೆ.

ಗದ್ದೆ, ಹಸಿ ಹುಲ್ಲಿನಿಂದ 'ಟ್ರಿಕ್ ಟ್ರಿಕ್ ಟ್ರಿಕ್' ಅಂತ ಚುರುಕಾಗಿ ಬರುವುದು ಮಿನೆರ್ವರ್ಯ ಗುಂಪಿನದು. ಮಿಡತೆಯೋ ಕಪ್ಪೆಯೋ ಅಂತ ಮೊದಲು ಅನುಮಾನ ಬರುತ್ತದೆ. ಈ ಗುಂಪಿನಲ್ಲಿ ಒಂದನ್ನೊಂದು ಹೋಲುವ ಜಾತಿಗಳು ಜಾಸ್ತಿ. ಫೋಟೋ ನೋಡಿ ಜಾತಿ ಹೇಳೋಕೆ ಹೋಗಬೇಡಿ, 'ಮಿನೆರ್ವರ್ಯ' ಅಂತಷ್ಟೇ ಬರೆದು ಬಿಡಿ.

ಮರಗಪ್ಪೆ, ಪಾಲಿಪಿಡೇಟಿಸ್ ಮ್ಯಾಕ್ಯುಲೇಟಸ್, ಬಚ್ಚಲುಮನೆ ಗೋಡೆಗೂ ಅಂಟಿಕೊಂಡಿರುತ್ತದೆ. ಬೆರಳ ತುದಿಯಲ್ಲಿ ಗುಂಡು ಬಿಲ್ಲೆ. ಕೂಗು 'ಟಕ್... ಟಕ್ ಟಕ್ ಟಕ್', ಯಾರೋ ಬಾಗಿಲು ತಟ್ಟಿದ ಹಾಗೆ. ನಮ್ಮಮ್ಮ ಎರಡು ಸಲ ಎದ್ದು ಹೋಗಿ ಬಾಗಿಲು ತೆಗೆದಿದ್ದಾರೆ.

ಮಣ್ಣಲ್ಲಿ ಹೂತುಕೊಳ್ಳುವವರದು ಇನ್ನೊಂದು ಬಳಗ. ಗುಂಡು ಮೈ, ಗಿಡ್ಡ ಕಾಲು. ಸ್ಫೆರೋಥೆಕಾ ಮಳೆನೀರಿನ ಅಂಚಿನಲ್ಲಿ ಕೂತು ಒಂದೇ ಸ್ವರವನ್ನು ಬಿಡುವಿಲ್ಲದೆ ಹೊಡೆಯುತ್ತದೆ. ಈ ಗುಂಪಿನ ಒಂದು ಹೊಸ ಜಾತಿಯನ್ನು 2020ರಲ್ಲಿ ಬೆಂಗಳೂರಿನ ಹೊರವಲಯದಲ್ಲೇ ಗುರುತಿಸಿ, ಸ್ಫೆರೋಥೆಕಾ ಬೆಂಗಳೂರು ಅಂತಲೇ ಹೆಸರಿಟ್ಟರು. ಅಷ್ಟು ದೊಡ್ಡ ಊರಿನ ಪಕ್ಕದಲ್ಲೇ ಇಷ್ಟು ದಿನ ಹೆಸರಿಲ್ಲದೆ ಇತ್ತು ಅಂದರೆ ನಮ್ಮ ರಾಗಿ ಹೊಲಗಳನ್ನು ಯಾರು ಸರಿಯಾಗಿ ಕೇಳಿದ್ದಾರೆ ಹೇಳಿ? ಯುಪೆರೊಡಾನ್ ಗುಂಪಿನವು ಬಲೂನಿನಂತೆ ಉಬ್ಬಿ ನೀರಿನ ಮೇಲೆ ತೇಲುತ್ತಾ ಕೂಗುತ್ತವೆ. ಒಂದರ ಕೂಗು ನನಗೆ ಆಡಿನ ಮರಿ ಅರಚಿದ ಹಾಗೆ ಕೇಳುತ್ತದೆ. ಇವು ಗೆದ್ದಲು, ಇರುವೆ ತಿಂದು ಬದುಕುವವು. ಹುತ್ತ ಇರುವ ಹೊಲದ ಪಕ್ಕದ ನೀರನ್ನು ಬಿಡಬೇಡಿ.

ಉಳಿದದ್ದು ಬಾಚಣಿಗೆ.

ಕೂಗಿದವನನ್ನು ಹುಡುಕುವುದು

ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳ ಉಗುರು ಎಳೆಯಿರಿ. 'ಕರ್ರ್ರ್'. ಅದೇ ಮೈಕ್ರೋಹೈಲಾ. ಕೂಗು ಕಿವಿಗೆ ಹೊಡೆಯುವ ಹಾಗಿರುತ್ತದೆ, ಕಪ್ಪೆ ಮಾತ್ರ ಕಾಣಿಸುವುದೇ ಇಲ್ಲ. ಉದ್ದ ಎರಡು–ಎರಡೂವರೆ ಸೆಂಟಿಮೀಟರ್ ಅಷ್ಟೆ. ಇದನ್ನು ಹುಡುಕುವುದು ಕಲಿತರೆ ಬೇರೆ ಯಾವುದನ್ನಾದರೂ ಹುಡುಕಬಹುದು.

ಮೂವರು ಬೇಕು. ಕೂಗು ಬರುತ್ತಿರುವ ಕಡೆಗೆ ಮುಖ ಮಾಡಿ, ಒಬ್ಬರಿಂದೊಬ್ಬರು ಏಳೆಂಟು ಹೆಜ್ಜೆ ದೂರ ನಿಲ್ಲಿ. ಟಾರ್ಚ್ ಆರಿಸಿರಲಿ. ಕಣ್ಣು ಮುಚ್ಚಿ ಕೇಳಿ, ಆರಿದ ಟಾರ್ಚನ್ನೇ ಕೂಗಿನ ಕಡೆಗೆ ಹಿಡಿಯಿರಿ. ಕತ್ತನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿದರೆ ದಿಕ್ಕು ಇನ್ನೂ ಸ್ಪಷ್ಟವಾಗುತ್ತದೆ. ಒಬ್ಬರು ಸಣ್ಣಗೆ 'ಹೂಂ' ಅಂದಾಗ ಮೂವರೂ ಒಟ್ಟಿಗೆ ಬೆಳಕು ಬಿಡಿ. ಮೂರು ಬೆಳಕು ಕೂಡುವ ಕಡೆ ಅವನಿರುತ್ತಾನೆ.

ಹೋದ ವರ್ಷ ಹಸ್ತ ಮಳೆಯಲ್ಲಿ ಹೀಗೇ ಮಾಡಿದೆವು. ಬೆಳಕು ಮೂರೂ ಕೂಡಿದ ಕಡೆ ಬರೀ ಕೆಸರು. ಎರಡು ಹೆಜ್ಜೆ ಮುಂದೆ ಹೋಗಿ ಕೂತೆವು. ಏನೂ ಇಲ್ಲ. ಟಾರ್ಚ್ ಆರಿಸಿದ ಮರುಗಳಿಗೆ ಮೊಣಕಾಲ ಹತ್ತಿರವೇ 'ಕರ್ರ್ರ್'. ಬೆಳಕು ಬಿಟ್ಟರೆ ಹಸುವಿನ ಗೊರಸಿನ ಗುರುತು. ಅದರಲ್ಲಿ ಅರ್ಧ ಬೆರಳಷ್ಟು ನೀರು. ಗೊರಸಿನ ಗೋಡೆಗೆ ಬೆನ್ನು ಕೊಟ್ಟು, ಮೇಲೆ ಬಾಗಿದ ಒಂದೇ ಒಂದು ಗರಿಕೆ ಎಸಳಿನ ಕೆಳಗೆ ಅವನು ಕೂತಿದ್ದ. ಗಂಟಲ ಚೀಲ ಮೈಯಷ್ಟೇ ದೊಡ್ಡದಾಗಿ ಉಬ್ಬಿತ್ತು, ಅದರೊಳಗೆ ಬೆಳಕು ಹಾದು ತೆಳು ಈರುಳ್ಳಿ ಸಿಪ್ಪೆಯ ಹಾಗೆ ಕಾಣುತ್ತಿತ್ತು. ಆ ರಾತ್ರಿ ಆ ಕುಂಟೆಯ ದಂಡೆಯಲ್ಲಿ ಒಂಬತ್ತು ಬಾಚಣಿಗೆ ಕಪ್ಪೆ ಕಂಡೆವು, ಐದು ಗೊರಸಿನ ಗುರುತಿನಲ್ಲೇ. ದನ ನೀರು ಕುಡಿಯೋಕೆ ಇಳಿಯುವ ಕಡೆ ಈ ಕಪ್ಪೆಗೆ ಮನೆ ಆಗುತ್ತದೆ ಅಂತ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಹಿಡಿಯಬೇಡಿ. ನೋಡಿ, ಫೋಟೋ ತೆಗೆದು ಬಿಡಿ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ನಿಮ್ಮ ಕೈಯ ಸೊಳ್ಳೆ ಕ್ರೀಮು, ಸೋಪು ಅದಕ್ಕೆ ವಿಷ. ದಾರಿಯಿಂದ ಎತ್ತಿ ಆಚೆ ಬಿಡಲೇಬೇಕಾದರೆ ಅಲ್ಲಿನ ನೀರಲ್ಲೇ ಕೈ ಒದ್ದೆ ಮಾಡಿಕೊಂಡು ಎತ್ತಿ. ನೆಲಗಪ್ಪೆ ಮುಟ್ಟಿದ ಕೈಯನ್ನು ಕಣ್ಣಿಗೆ ಒರೆಸಿಕೊಳ್ಳಬೇಡಿ, ಉರಿ ತಡೆಯೋಕಾಗಲ್ಲ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬೂಟಿನ ಕೆಸರು ತೊಳೆಯಿರಿ, ಮನೆಗೆ ಬಂದ ಮೇಲೆ ಬಿಸಿಲಲ್ಲಿ ಒಣಗಿಸಿ. ಕಪ್ಪೆಗಳ ಚರ್ಮಕ್ಕೆ ಬರುವ ಶಿಲೀಂಧ್ರ ರೋಗ ಜಗತ್ತಿನ ಎಷ್ಟೋ ಕಡೆ ಕಪ್ಪೆಗಳನ್ನು ಮುಗಿಸಿದೆ. ಅದು ಹರಡೋಕೆ ಒದ್ದೆ ಕೆಸರು ಸಾಕು. ರೆಕಾರ್ಡ್ ಮಾಡಿದ ಕೂಗನ್ನು ಅಲ್ಲೇ ಜೋರಾಗಿ ಹಾಕಿ ಉತ್ತರ ಕೊಡಿಸುವ ಆಟವೂ ಬೇಡ. ಅದರ ರಾತ್ರಿ ಹಾಳಾಗುತ್ತೆ.

ರೆಕಾರ್ಡಿಂಗ್

ಮೊಬೈಲ್ ಸಾಕು. ಆದರೆ ರೆಕಾರ್ಡರ್ ಆ್ಯಪಿನ ಸೆಟ್ಟಿಂಗ್‌ನಲ್ಲಿ ವೇವ್ ಫೈಲ್ ಆಯ್ದುಕೊಳ್ಳಿ, 'ಶಬ್ದ ಕಡಿತ' ಅನ್ನೋದನ್ನು ಆರಿಸಿ. ಕೆಲವು ಮೊಬೈಲುಗಳು ಕಪ್ಪೆಯ ಕೂಗನ್ನೇ ಗಲಾಟೆ ಅಂತ ತಿಳಿದು ಅಳಿಸಿಬಿಡುತ್ತವೆ. ಶುರುವಿನಲ್ಲಿ ಬಾಯಿಬಿಟ್ಟು ಹೇಳಿ: ತಾರೀಕು, ಸಮಯ, ಜಾಗ, ಬಿಸಿ ಎಷ್ಟು. ಆಮೇಲೆ ಒಂದು ನಿಮಿಷವಾದರೂ ಉಸಿರು ಬಿಗಿಹಿಡಿದು ನಿಲ್ಲಿ. ಗೆಳೆಯರಿಗೆ ವಾಟ್ಸ್ಆ್ಯಪಿನಲ್ಲಿ ಕಳಿಸುವಾಗ ವಾಯ್ಸ್ ಮೆಸೇಜಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ದನಿ ಹಿಂಡಿ ಹೋಗುತ್ತದೆ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಆಡಾಸಿಟಿ ಅಥವಾ ರೇವನ್ ಲೈಟ್ ತೆರೆದು ಕೂಗಿನ ಚಿತ್ರ ನೋಡಿ. ಸ್ಪೆಕ್ಟ್ರೋಗ್ರಾಂ ಅಂತಾರೆ. ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ದನಿಯ ಎತ್ತರ. ಮೇಲ್ಭಾಗದಲ್ಲಿ ಉದ್ದಕ್ಕೆ ಗೆರೆ ಎಳೆದಂತೆ ಕಾಣುವುದು ಹೆಚ್ಚಾಗಿ ಜೀರುಂಡೆ. ತಳದಲ್ಲಿ ಅಂಟಿಕೊಂಡ ಮಸಿ ಗಾಳಿ ಅಥವಾ ಯಾರದೋ ಮೋಟರು. ನಡುವೆ ಕಪ್ಪೆ. ಬಾಚಣಿಗೆಯ ಕೂಗು ಚಿತ್ರದಲ್ಲೂ ಬಾಚಣಿಗೆಯ ಹಲ್ಲಿನ ಹಾಗೇ ಕಾಣುತ್ತದೆ, ನೋಡಿ ಮಜಾ ಬರುತ್ತೆ.

ಬಿಸಿ ಎಷ್ಟು ಅಂತ ಯಾಕೆ ಬರೆಯಬೇಕು? ಕಪ್ಪೆ ತಣ್ಣನೆಯ ರಕ್ತದ ಪ್ರಾಣಿ. ಚಳಿ ರಾತ್ರಿಯಲ್ಲಿ ಅದೇ ಕಪ್ಪೆ ನಿಧಾನವಾಗಿ ಕೂಗುತ್ತದೆ, ಸೆಕೆಯಲ್ಲಿ ಬೇಗ ಬೇಗ. ಬರೀ ವೇಗ ನೋಡಿ ಇವೆರಡು ಬೇರೆ ಜಾತಿ ಅಂದರೆ ಮೋಸ ಹೋಗುತ್ತೀರಿ.

ಕಂಡ ಜೀವಿಗಳನ್ನು ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಧ್ವನಿಯನ್ನೂ ಹಾಕಬಹುದು. ಕೂಗು, ಫೋಟೋ ಎರಡೂ ಇದ್ದರೆ ತಿಳಿದವರು ಹೆಸರು ಹೇಳೋಕೆ ಸಲೀಸು.

ಜಾಗದ ಲೆಕ್ಕ

ನಿಜವಾದ ಕೆಲಸ ಇಲ್ಲಿದೆ. ಹೆಸರು ಹೇಳುವುದು ಒಂದು ಹಂಗಾಮಿನಲ್ಲಿ ಬಂದುಬಿಡುತ್ತದೆ. ಯಾವ ಕಪ್ಪೆ ಯಾವ ಜಾಗವನ್ನು ಹೇಗೆ ಬಳಸುತ್ತದೆ ಅನ್ನುವುದಕ್ಕೆ ವರ್ಷಗಳು ಬೇಕು, ಮತ್ತು ಆ ಊರಲ್ಲೇ ಇರುವವರು ಬೇಕು. ವಾರಕ್ಕೊಮ್ಮೆ ಕಾರಲ್ಲಿ ಬಂದು ಹೋಗುವವರಿಂದ ಆಗದ ಕೆಲಸ.

ಐದು ಜಾಗ ಆರಿಸಿಕೊಳ್ಳಿ, ಒಂದಕ್ಕೊಂದು ಬೇರೆ ಥರ ಇರಲಿ. ನನ್ನವು: ಕೆರೆಯ ಅಂಚು, ದನ ಇಳಿಯುವ ಕುಂಟೆ, ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ, ರಾಗಿ ಹೊಲದ ತಗ್ಗು, ತೋಟದ ಸಿಮೆಂಟ್ ತೊಟ್ಟಿ. ಒಂದರ ಗದ್ದಲ ಇನ್ನೊಂದಕ್ಕೆ ಕೇಳದಷ್ಟು ದೂರ ಇರಬೇಕು. ಹದಿನೈದು ದಿನಕ್ಕೊಮ್ಮೆ ಹೋಗಿ, ಜೊತೆಗೆ ದೊಡ್ಡ ಮಳೆಯ ಮರುದಿನ. ಹೋಗುವ ಸರದಿ ಬದಲಿಸುತ್ತಾ ಇರಿ. ಇಲ್ಲದಿದ್ದರೆ ಒಂದೇ ಜಾಗವನ್ನು ಯಾವಾಗಲೂ ಏಳು ಗಂಟೆಗೆ, ಇನ್ನೊಂದನ್ನು ಯಾವಾಗಲೂ ಹತ್ತಕ್ಕೆ ಕೇಳಿದ ಹಾಗಾಗುತ್ತದೆ.

ನನ್ನ ಪುಸ್ತಕದ ಒಂದು ಹಾಳೆ ಹೀಗಿದೆ (ಕಪ್ಪೆಯ ಹೆಸರಿನ ಮುಂದಿರುವುದು ಕೂಗಿನ ಅಂಕ):

'ಸೆಪ್ಟೆಂಬರ್ 19, ಉತ್ತರೆ ಮಳೆ. ರಾತ್ರಿ 7.40. ಜಾಗ 5, ತೊಟ್ಟಿ. ಗಾಳಿ ಇಲ್ಲ. 23 ಡಿಗ್ರಿ. ನಿನ್ನೆ ಮಳೆ, ಇವತ್ತಿಲ್ಲ. ಮರಗಪ್ಪೆ 2. ಕಂಡದ್ದು ಮೂರು: ಎರಡು ತೆಂಗಿನ ಗರಿ ಮೇಲೆ, ನೆಲದಿಂದ 110, 140 ಸೆಂ.ಮೀ.; ಒಂದು ತೊಟ್ಟಿ ಗೋಡೆ ಒಳಗೆ, ನೀರಿಂದ 20 ಸೆಂ.ಮೀ. ಬಾಚಣಿಗೆ 1, ಕಾಣಲಿಲ್ಲ, ಪೈಪು ಸೋರುವ ಕಡೆಯಿಂದ. ನೆಲಗಪ್ಪೆ 0. ಗೋಂಕರು 0.'

ಕಂಡ ಪ್ರತಿ ಕಪ್ಪೆಗೂ ನಾಲ್ಕು ವಿಷಯ ಬರೆಯಿರಿ: ಕೂತದ್ದು ಯಾವುದರ ಮೇಲೆ, ನೀರಿನಿಂದ ಎಷ್ಟು ದೂರ, ನೆಲದಿಂದ ಅಥವಾ ನೀರಿನಿಂದ ಎಷ್ಟು ಎತ್ತರ, ಏನು ಮಾಡುತ್ತಿತ್ತು. ಅಳೆಯೋಕೆ ಆ ಕಡ್ಡಿ. ಸೊನ್ನೆಗಳನ್ನು ಬಿಡಬೇಡಿ. ಸೊನ್ನೆ ಬರೆಯದಿದ್ದರೆ ಆಮೇಲೆ 'ಇರಲಿಲ್ಲವೋ, ನಾನು ಕೇಳಿಸಿಕೊಳ್ಳಲಿಲ್ಲವೋ' ಅಂತ ನಿಮಗೇ ಗೊತ್ತಾಗುವುದಿಲ್ಲ.

ಈಗ ಎಲ್ಲರೂ ಎಡವುವ ಕಡೆಗೆ ಬರೋಣ. ಒಂದು ಕುಂಟೆಯಲ್ಲಿ ಇಪ್ಪತ್ತು ಕಪ್ಪೆ ಕಂಡಿರಿ ಅಂದುಕೊಳ್ಳಿ. ಹುಲ್ಲಲ್ಲಿ 11, ಕೆಸರಲ್ಲಿ 8, ಕಲ್ಲಿನ ಮೇಲೆ 1. ಕೆಸರೂ ಅದಕ್ಕೆ ಇಷ್ಟವೇ ಅಂತ ಹೇಳಬಹುದಾ? ಆ ಕುಂಟೆಯಲ್ಲಿ ಯಾವ್ಯಾವುದು ಎಷ್ಟೆಷ್ಟಿದೆ ಅಂತ ಅಳೆಯದೆ ಹೇಳೋಕಾಗಲ್ಲ. ದಂಡೆಯ ಸುತ್ತ ನಡೆದು ಹೆಜ್ಜೆ ಎಣಿಸಿ. ನೂರು ಹೆಜ್ಜೆಯಲ್ಲಿ 60 ಕೆಸರು, 30 ಹುಲ್ಲು, 10 ಕಲ್ಲು ಬಂತು. ಕಪ್ಪೆಗೆ ಯಾವುದರ ಹಂಗೂ ಇಲ್ಲದೆ ಎಲ್ಲೆಂದರಲ್ಲಿ ಕೂತಿದ್ದರೆ ಇಪ್ಪತ್ತರಲ್ಲಿ 12 ಕೆಸರಲ್ಲಿ, 6 ಹುಲ್ಲಲ್ಲಿ, 2 ಕಲ್ಲಲ್ಲಿ ಇರಬೇಕಿತ್ತು. ಹುಲ್ಲಲ್ಲಿ ಸಿಕ್ಕಿದ್ದು ಅದರ ಹತ್ತಿರ ಹತ್ತಿರ ಎರಡರಷ್ಟು. ಕೆಸರಲ್ಲಿ ಎಂಟು ಸಿಕ್ಕರೂ ಅದು ಲೆಕ್ಕಕ್ಕಿಂತ ಕಮ್ಮಿಯೇ. ಅಂದರೆ ಅದು ಹುಲ್ಲನ್ನು ಹುಡುಕಿಕೊಂಡು ಹೋಗುತ್ತಿದೆ. ಇಪ್ಪತ್ತು ಕಪ್ಪೆ ಕಮ್ಮಿ ಲೆಕ್ಕ, ನಾಲ್ಕೈದು ರಾತ್ರಿ ಹೀಗೇ ಬಂದರೆ ಮಾತ್ರ ನಂಬಿ. ಹೆಜ್ಜೆ ಎಣಿಸದ ಪಟ್ಟಿಯನ್ನು ಯಾರಾದರೂ ತಂದು ತೋರಿಸಿದರೆ ನಾನು ಈಗ ಮೊದಲು ಕೇಳುವುದು ಇದನ್ನೇ.

ಇನ್ನೊಂದು ಕಣ್ಕಟ್ಟಿದೆ. ಕೆಸರಲ್ಲಿ ಕೂತದ್ದು ಬೇಗ ಕಣ್ಣಿಗೆ ಬೀಳುತ್ತದೆ, ಜೊಂಡಿನೊಳಗೆ ಕೂತದ್ದು ಬೀಳುವುದಿಲ್ಲ. ಅದಕ್ಕೇ ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯುವುದು.

ಮೊಟ್ಟೆ, ಗೊದಮೊಟ್ಟೆ

ಕೂಗಿತು ಅಂದ ಮಾತ್ರಕ್ಕೆ ಅಲ್ಲಿ ಸಂಸಾರ ಆಯಿತು ಅಂತಲ್ಲ. ಬೆಳಗ್ಗೆ ಮತ್ತೆ ಹೋಗಿ ನೋಡಿ. ನೆಲಗಪ್ಪೆಯದು ನೀರೊಳಗಿನ ಗಿಡಕ್ಕೆ ಸುತ್ತಿದ ಉದ್ದ ದಾರ, ಕರಿಮಣಿ ಪೋಣಿಸಿದ ಹಾಗೆ. ಬಾಚಣಿಗೆಯದು ನೀರಿನ ಮೇಲೆ ಹರಡಿದ ತೆಳು ಪದರ, ಹಾಲಿನ ಕೆನೆಯಷ್ಟು. ಮರಗಪ್ಪೆಯದು ನೊರೆಯ ಗೂಡು, ತೊಟ್ಟಿ ಗೋಡೆಗೋ ನೀರಿನ ಮೇಲೆ ಬಾಗಿದ ಎಲೆಗೋ ಅಂಟಿಸಿರುತ್ತದೆ. ಮೇಲೆ ಒಣಗಿ, ಒಳಗೆ ಒದ್ದೆ ಇದ್ದು, ಮರಿ ಬಲಿತ ಮೇಲೆ ಕೆಳಗಿನ ನೀರಿಗೆ ಬೀಳುತ್ತವೆ. ತೊಟ್ಟಿ ತೊಳೆಯುವಾಗ ಅದನ್ನು ಸೋಪಿನ ನೊರೆ ಅಂತ ಉಜ್ಜಿ ತೆಗೆಯುವವರೇ ಜಾಸ್ತಿ. ನಮ್ಮ ಮನೆಯಲ್ಲೂ ನಡೆದಿದೆ.

ಕಪ್ಪಗೆ ಗುಂಪಾಗಿ ಈಜುವ ಗೊದಮೊಟ್ಟೆ ನೆಲಗಪ್ಪೆಯದು. ಗಾಜಿನ ಹಾಗೆ ಪಾರದರ್ಶಕವಾಗಿ ನೀರಿನ ನಡುವೆ ನೇತಾಡುವುದು ಬಾಚಣಿಗೆಯದು.

ವರ್ಷವಿಡೀ ನೀರಿರುವ ಕೆರೆಗಿಂತ ಒಂದೂವರೆ ತಿಂಗಳಲ್ಲಿ ಬತ್ತುವ ತಗ್ಗಿನಲ್ಲಿ ಗೊದಮೊಟ್ಟೆ ಜಾಸ್ತಿ ಸಿಗುವುದು ನೋಡಿ ಅಚ್ಚರಿಯಾಗಬಹುದು. ಕಾರಣ ಮೀನು. ಸೊಳ್ಳೆ ತಿನ್ನಲಿ ಅಂತ ಬಿಟ್ಟ ಗ್ಯಾಂಬೂಸಿಯಾ ಗೊದಮೊಟ್ಟೆಯನ್ನೂ ತಿನ್ನುತ್ತದೆ. ಬತ್ತುವ ತಗ್ಗಿನಲ್ಲಿ ಮೀನಿಲ್ಲ, ಆದರೆ ನೀರು ಬತ್ತುವ ಮುಂಚೆ ಕಾಲು ಬರಬೇಕು. ಹೀಗಾಗಿ ನಿಮ್ಮ ಹಾಳೆಯಲ್ಲಿ 'ನೀರು ಎಷ್ಟು ದಿನ ನಿಂತಿತು', 'ಮೀನಿದೆಯಾ' ಅಂತ ಎರಡು ಸಾಲು ಸೇರಿಸಿ. ರಾಗಿ ಹೊಲದ ತಗ್ಗನ್ನು ಜೆಸಿಬಿ ತಂದು ಮಟ್ಟ ಮಾಡಿಸಿದ ವರ್ಷ ನನ್ನ ಜಾಗ 4ರಲ್ಲಿ ಸಾಲಾಗಿ ಸೊನ್ನೆ ಬಿದ್ದವು. ಹೊಲದವರದು ತಪ್ಪೇನಿಲ್ಲ, ಅವರಿಗೆ ಅಲ್ಲಿ ರಾಗಿ ಕೊಳೆಯುತ್ತಿತ್ತು.

ಬೇಸಿಗೆಯ ಸುತ್ತು

ಕೂಗುವ ಜಾಗ ಕಪ್ಪೆಯ ಮನೆಯಲ್ಲ, ಅದು ಗಂಡಿನ ಜಾತ್ರೆ ಮೈದಾನ. ಉಳಿದ ತಿಂಗಳೆಲ್ಲ ಅವು ಎಲ್ಲೋ ಇರುತ್ತವೆ: ಕಲ್ಲಿನ ಕೆಳಗೆ, ತೆಂಗಿನ ಮಟ್ಟೆಯ ರಾಶಿಯಲ್ಲಿ, ಮರದ ಪೊಟರೆಯಲ್ಲಿ, ಮೀಟರ್ ಡಬ್ಬಿಯ ಒಳಗೆ, ನೆಲದೊಳಗೆ. ಅದಕ್ಕೇ ಫೆಬ್ರವರಿ, ಮಾರ್ಚ್, ಏಪ್ರಿಲ್‌ನಲ್ಲೂ ಐದೂ ಜಾಗಕ್ಕೆ ತಿಂಗಳಿಗೊಮ್ಮೆ ಹೋಗಿ. ಹಗಲಲ್ಲಿ. ಕಲ್ಲು ಎತ್ತಿದರೆ ಎತ್ತಿದ ಹಾಗೇ ಮತ್ತೆ ಇಡಿ, ಚೇಳು ನೋಡಿಕೊಳ್ಳಿ. ತೋಟದಲ್ಲಿ ಅಗೆಯುವವರು, ಪಾಯ ತೋಡುವವರು, ಪೈಪ್‌ಲೈನಿನವರ ಹತ್ತಿರ 'ಕಪ್ಪೆ ಸಿಕ್ಕರೆ ಹೇಳಿ, ಎಷ್ಟು ಆಳದಲ್ಲಿ ಅಂತಲೂ ಹೇಳಿ' ಅಂತ ಹೇಳಿಡಿ. ನನ್ನ ಅರ್ಧ ಮಾಹಿತಿ ಬಂದದ್ದು ಹಾಗೇ.

ಹೋದ ಮಾರ್ಚಿನಲ್ಲಿ ತೆಂಗಿನ ಸಸಿಗೆ ಗುಂಡಿ ತೆಗೆಯುತ್ತಿದ್ದಾಗ ಗುದ್ದಲಿಯವರು 'ಸಾರ್, ಮುದ್ದೆ ಸಿಕ್ತು' ಅಂತ ಕೂಗಿದರು. ಮಣ್ಣು ಮೆತ್ತಿಕೊಂಡ ರಾಗಿಮುದ್ದೆಯೇ. ಅಂಗೈ ಮೇಲೆ ನೀರು ಹನಿಸಿದ ಮೇಲೆ ಎರಡು ಕಣ್ಣು ತೆರೆದವು. ಯುಪೆರೊಡಾನ್. ತೊಟ್ಟಿ ಬಿಟ್ಟರೆ ಸುತ್ತಮುತ್ತ ಅರ್ಧ ಮೈಲಿಯಲ್ಲಿ ಹನಿ ನೀರಿರಲಿಲ್ಲ. ಗುಂಡಿಯ ಪಕ್ಕ ಅಷ್ಟೇ ಆಳದ ಇನ್ನೊಂದು ತೆಗೆದು, ಅದನ್ನು ಇಳಿಸಿ, ಮಣ್ಣು ಸಡಿಲವಾಗಿ ಮುಚ್ಚಿದೆವು. ಆವತ್ತಿನ ಹಾಳೆಯಲ್ಲಿ ಇರುವುದು ಒಂದೇ ಸಾಲು: 'ಜಾಗ 5ರಿಂದ 40 ಹೆಜ್ಜೆ. ಕೂಗು 0. ಕಪ್ಪೆ 1, ಆಳ 55 ಸೆಂ.ಮೀ.'